ಗುರುತು ಹತ್ತುವ ಹಾಗೆ ಅಳುವುದು

ನಮ್ಮ ಸೋದರತ್ತೆ ಬಂದು ಅಳುವ ತನಕ ಕಬ್ಬೂರಿನಲ್ಲಿ ಯಾರೂ ಪೂರ್ತಿ ಸತ್ತಂತೆ ಆಗುತ್ತಿರಲಿಲ್ಲ. ನಗಬೇಡಿ, ನಿಜವನ್ನೇ ಹೇಳುತ್ತಿದ್ದೇನೆ. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣಗಳನ್ನು ರಾಗ ಎಳೆದು ಹೇಳುತ್ತಾರೆ. ಉಳಿದವರೆಲ್ಲ “ದೇವರಂಥಾಂವ ಹೋದ್ಯಲ್ಲೋ” ಎಂಬ ಒಂದೇ ಸಾಲನ್ನು ಊರಿಗೆಲ್ಲ ಹಂಚುತ್ತಿದ್ದರು. ಅತ್ತೆಯ ಪ್ರಕಾರ ಅದು ಕಳ್ಳ ಅಳು.

ಒಮ್ಮೆ ಸದಲಗಾದಲ್ಲಿ ನಮ್ಮ ದೂರದ ಬೀಗರೊಬ್ಬರು ತೀರಿಕೊಂಡರು. ಮಹಾ ಸಿಡುಕ. ಅವರ ಸೊಸೆ ಒಂದು ಹನಿ ಕಣ್ಣೀರಿಲ್ಲದೆ ಕಂಬಕ್ಕೆ ಒರಗಿ ಕೂತಿದ್ದಳು. ಅತ್ತೆ ಟಂಟಂ ಗಾಡಿಯಿಂದ ಇಳಿದವಳೇ ಹೆಣದ ತಲೆಯ ಬದಿಗೆ ಕೂತು ಶುರು ಮಾಡಿದಳು: “ಮಜ್ಜಗಿ ನೀರಾತಂದ್ರ ತಾಟ ಒಗೀತಿದ್ಯಲ್ಲೋ ಯಣ್ಣಾ, ಮತ್ತ ನೀನ ಬಗ್ಗಿ ಅದನ್ನ ಎತ್ತಿಡ್ತಿದ್ಯಲ್ಲೋ, ಇನ್ನ ಆ ತಾಟ ಯಾರ ಎತ್ತವ್ರೋ...”

ಸೊಸೆ ಬೋರಾಡಿ ಅತ್ತಳು. ಸತ್ತವರ ಮಗ ನಮ್ಮ ಅತ್ತೆಯ ಬಳಿ ಬಂದು, “ಅಕ್ಕಾರ, ತಾಟಿನ ಸುದ್ದಿ ಈಗ ಯಾಕ್ರಿ?” ಎಂದು ಪಿಸುಗುಟ್ಟಿದ. ಅತ್ತೆ ರಾಗ ನಿಲ್ಲಿಸಿ, “ಸತ್ತಾಂವ ಯಾಂವ ಅಂತ ಗುರ್ತ ಹತ್ತಬ್ಯಾಡೇನೋ?” ಎಂದು ಗದರಿ, ಬಿಟ್ಟಲ್ಲಿಂದಲೇ ಮತ್ತೆ ರಾಗ ಹಿಡಿದಳು.

ಅತ್ತು ಮುಗಿದ ಮೇಲೆ ನೆರೆಮನೆಯವರು ತಂದ ಚಹಾ. ಒಂದು ಗುಟುಕು ಕುಡಿದು “ಸಕ್ರಿ ಕಡಿಮಿ ಆಗೇತಿ” ಎಂದು ಬೈಯದೆ ಅವಳು ಎದ್ದದ್ದನ್ನು ನಾನು ಕಂಡಿಲ್ಲ. ಸಾವಿನ ಮನೆಯಲ್ಲಿ, ಅದೂ ಪುಕ್ಕಟೆ ಚಹಾಕ್ಕೆ! ನಾನು ನಾಚಿಕೆಯಿಂದ ಸೆರಗನ್ನು ಮುಖಕ್ಕೆ ಹಿಡಿಯುತ್ತಿದ್ದೆ. ಜನ ನಾನೂ ಅಳುತ್ತಿದ್ದೇನೆ ಎಂದುಕೊಳ್ಳುತ್ತಿದ್ದರು.

ನಾನು ಚಿಕ್ಕೋಡಿಯಲ್ಲಿ ನೌಕರಿ ಮಾಡುತ್ತ ಬಿಡುವಿನಲ್ಲಿ ಕತೆ ಬರೆಯುವವಳು. ಪತ್ರಿಕೆಗಳಿಗೆ ಕಳಿಸಿದ ಕತೆಗಳು ಹೋದ ಹಾಗೆಯೇ ತಿರುಗಿ ಬರುತ್ತಿದ್ದವು, ಪಾತ್ರಗಳಿಗೆ ಜೀವವಿಲ್ಲವಂತೆ. ಒಂದು ಕತೆಯನ್ನು ಅತ್ತೆಗೆ ಓದಿ ಹೇಳಿದೆ. ಕಷ್ಟವನ್ನೆಲ್ಲ ನುಂಗಿ ಎಲ್ಲರನ್ನೂ ಕ್ಷಮಿಸುವ ತಾಯಿಯ ಕತೆ. ಅತ್ತೆ ಶೇಂಗಾ ಸುಲಿಯುತ್ತ ಕೇಳಿದಳು.

“ಇಕಿಗಿ ಯಾರ ಮ್ಯಾಲ ಹೊಟ್ಟಿಕಿಚ್ಚು?”

“ಯಾರ ಮ್ಯಾಲೂ ಇಲ್ಲ, ಅತ್ತಿ.”

“ಕದ್ದ ಏನರ ತಿಂತಾಳ?”

“ಇಲ್ಲ.”

“ಹಂಗಾರ ಇಕಿ ಸತ್ತರ ಅಳಾಕ ಏನೂ ಇಲ್ಲ ಬಿಡ.”

ಯಾವ ಸಂಪಾದಕರೂ ನನ್ನ ಕತೆಯನ್ನು ಇಷ್ಟು ಚುಟುಕಾಗಿ ತಿರುಗಿ ಕಳಿಸಿರಲಿಲ್ಲ.

ಹೋದ ವರ್ಷ ಅತ್ತೆಗೆ ಹೊಟ್ಟೆಯ ಬೇನೆ. ಮಿರಜಿನ ಡಾಕ್ಟರು ಮನೆಗೆ ಕರೆದೊಯ್ಯಿರಿ ಎಂದರು. ಅದರ ಅರ್ಥ ಅವಳಿಗೂ ತಿಳಿಯಿತು. ಸಾಯುವ ಅಂಜಿಕೆ ಅವಳಿಗಿರಲಿಲ್ಲ, ಅಂಜಿಕೆ ಬೇರೆಯೇ. ಹಾಡಿಕೊಂಡು ಅಳುವವರು ಈಗ ಊರಲ್ಲಿ ಉಳಿದಿಲ್ಲ, ಸ್ಪೀಕರಿನಲ್ಲಿ ಭಜನೆ ಹಚ್ಚಿಬಿಡುತ್ತಾರೆ. ನಮಗಷ್ಟೇ ಅತ್ತೆಯಾದರೂ ಊರಿಗೆಲ್ಲ ಅತ್ತವಳು ಅವಳು.

“ನನಗ ಯಾರ ಅಳವ್ರ ಬೇ? ಬರೀತಿಯಲ್ಲ, ನೀನ ಅಳು. ಈಗ ನನ್ನ ಮುಂದ ಹಾಡಿ ತೋರಸ.”

ಬದುಕಿರುವವಳ ಮುಂದೆ ಕೂತು ಅವಳ ಸಾವಿಗೆ ಅಳುವ ಅಭ್ಯಾಸ ಮಾಡುವ ಗತಿ ಶತ್ರುವಿಗೂ ಬೇಡ. ಹೇಗೋ ಶುರು ಮಾಡಿ, “ತಾಯಿಯಂಥಾಕಿ, ಕರುಣಾಳು...” ಎಂದೆ.

“ಇಕಿ ಯಾರ? ನನಗ ಗುರ್ತ ಹತ್ತವಲ್ದು.”

ಸಿಟ್ಟು ಬಂತು. “ನನ್ನ ಮದವ್ಯಾಗ ಮದುಮಗನ ಮೂಗ ಮೆಣಸಿನಕಾಯಿ ಅಂದಾಕಿ. ಆಯೇರಿ ಕೊಟ್ಟ ಸೀರಿ ತಿರುಗಿ ಇಸ್ಕೊಂಡ ತಾನ ಉಟ್ಟಾಕಿ...”

ಅತ್ತೆ ಕೆಮ್ಮು ಬರುವ ತನಕ ನಕ್ಕಳು. “ಹಾಂ, ಈಗ ಬಂದಳ ನೋಡ” ಎಂದಳು.

ಶ್ರಾವಣದಲ್ಲಿ ಹೋದಳು. ಅಂಗಳದ ತುಂಬ ಹೆಂಗಸರು, ಯಾರೂ ಬಾಯಿ ತೆರೆಯಲಿಲ್ಲ. ಸ್ಪೀಕರ್ ತನ್ನಷ್ಟಕ್ಕೆ ಹಾಡುತ್ತಿತ್ತು. ನಾನು ಅವಳ ತಲೆಯ ಬದಿಗೆ ಕೂತೆ. ಅಂದುಕೊಂಡು ಬಂದದ್ದೆಲ್ಲ ಮರೆತುಹೋಗಿತ್ತು. ಅಷ್ಟರಲ್ಲಿ ನೆರೆಮನೆಯವಳು ಚಹಾದ ಕಪ್ಪನ್ನು ಕೈಗಿತ್ತಳು. ಸುಮ್ಮನೆ ಒಂದು ಗುಟುಕು ಕುಡಿದೆ.

“ಅತ್ತೀ, ಸಕ್ರಿ ಕಡಿಮಿ ಆಗೇತಿ... ಎದ್ದ ಬೈ ಯವ್ವಾ, ಸಕ್ರಿ ಕಡಿಮಿ ಆಗೇತಿ...”

ರಾಗ ಎಲ್ಲಿಂದ ಬಂತೋ ಕಾಣೆ. ಅವಳಿಂದ ದಿನಾ ಬೈಸಿಕೊಳ್ಳುತ್ತಿದ್ದ ಅವಳ ಸ್ವಂತ ಸೊಸೆ ಮೊದಲು ಹೋ ಎಂದಳು, ಆಮೇಲೆ ಇಡೀ ಅಂಗಳ. ಯಾರೋ ಹೋಗಿ ಸ್ಪೀಕರ್ ಬಂದ್ ಮಾಡಿದರು.

ನಾನು ಅವಳ ತಣ್ಣನೆಯ ಕಿವಿಯ ಹತ್ತಿರ ಬಗ್ಗಿ ಕೇಳಿದೆ: “ಗುರ್ತ ಹತ್ತಿತೇನ, ಅತ್ತಿ?”