ನಿಲ್ಲಿಸಿದ ಚೆಕ್ಕಿಗೆ ಎರಡು ಸಹಿ

ಸಿಟ್ಟು ಬಂದಾಗ ಒಂದು ಲೋಟ ನೀರು ಕುಡಿಯಬೇಕೆಂದು ಹಿರಿಯರು ಹೇಳುತ್ತಿದ್ದರು. ಆ ನೀರು ಕುಡಿಸುವ ಕೆಲಸವನ್ನು ಹಿಂದೆ ನಮ್ಮ ಬ್ಯಾಂಕೇ ಮಾಡುತ್ತಿತ್ತು. ಕೊಟ್ಟ ಚೆಕ್ಕಿಗೆ ಹಣ ಕೊಡಬೇಡಿ ಎನ್ನಬೇಕಾದರೆ ಬಸ್ಸು ಹಿಡಿದು ತಿ. ನರಸೀಪುರದ ನಮ್ಮ ಶಾಖೆಗೆ ಬಂದು ಅರ್ಜಿ ಬರೆಯಬೇಕಿತ್ತು. ಅಷ್ಟರಲ್ಲಿ ಅರ್ಧ ಜನಕ್ಕೆ ಸಿಟ್ಟು ಇಳಿದು, ಬಂದ ತಪ್ಪಿಗೆ ಪಾಸ್‌ಬುಕ್ ಬರೆಸಿಕೊಂಡು ಹೋಗುತ್ತಿದ್ದರು. ಎರಡು ಸಾವಿರದ ದಶಕದ ಕೊನೆಗೆ ಆನ್‌ಲೈನ್ ಬಂತು, ಸಿಟ್ಟಿಗೆ ಬಸ್ಸಿನ ಹಂಗು ತಪ್ಪಿತು. ಆದರೆ ನಮ್ಮ ಜನಕ್ಕೆ ಕಂಪ್ಯೂಟರಿನ ಮೇಲೆ ಅಷ್ಟು ನಂಬಿಕೆ ಎಲ್ಲಿಂದ ಬರಬೇಕು? ಸೈಬರ್ ಸೆಂಟರಿನಲ್ಲಿ ಕೋರಿಕೆ ಕಳಿಸಿ, ಅದರ ಹಿಂದೆಯೇ ತಾವೂ ಬಂದು ನಿಲ್ಲುತ್ತಿದ್ದರು. "ಕಳ್ಸಿದ್ದೆ, ಬಂತಾ ಸಾ?"

ಹಾಗೆ ಬಂದವರು ಹೆಮ್ಮಿಗೆಯ ದಿನಸಿ ಅಂಗಡಿ ಮಹದೇವಪ್ಪ. "ನಮ್ ಬಾಮೈದ ಮನೆ ಒಕ್ಲಿಗೆ ಫೋನಲ್ಲಿ ಕರ್ದವ್ನೆ ಸಾ. ಮನೆಗ್ ಬಂದು ಕುಂಕುಮ ಕೊಟ್ಟು ಕರೆಯಕ್ಕೆ ಆಗಲ್ವಾ? ಅದ್ಕೇ ಅವ್ನಿಗೆ ಕೊಟ್ಟಿದ್ ಚೆಕ್ ನಿಲ್ಸ್ದೆ," ಎಂದು ಹೇಳಿ ಎದುರಿನ ಹೋಟೆಲಿಗೆ ಊಟಕ್ಕೆ ಹೋದರು.

ಸ್ವಲ್ಪ ಹೊತ್ತಿಗೆ ಅವರ ಹೆಂಡತಿ ಶಿವಮ್ಮ ಬಂದರು. "ನಮ್ ತಮ್ಮನ್ ಮನೆ ಬಾಗ್ಲಿಗೆ ಕೊಟ್ಟಿದ್ ಚೆಕ್ಕು ಸಾ ಅದು. ನಾಳೆ ವಾಪಸ್ ಓದ್ರೆ ಮರದಂಗ್ಡಿಯವ್ರು ಬಾಗ್ಲು ಕೊಡಲ್ಲ. ಬಾಗ್ಲಿಲ್ದ ಮನೆಗೆ ಎಂಗ್ ಒಕ್ಲಾಗೋದು? ಅದ್ನ ತೆಗ್ದಾಕ್ಬುಡಿ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಪಾಪ ಅನ್ನಿಸಿತು. ಆದರೆ ಖಾತೆ ಗಂಡ ಹೆಂಡತಿ ಇಬ್ಬರದು. ಚೆಕ್ ನಿಲ್ಲಿಸಲು ಒಬ್ಬರು ಸಾಕು, ಆ ತಡೆ ತೆಗೆಯಲು ಇಬ್ಬರ ಸಹಿಯೂ ಬೇಕು. ಇಷ್ಟು ಹೇಳಿ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. "ಸಂಸಾರ ಅಂದ ಮೇಲೆ ಇಬ್ಬರೂ ಕೂತು ಮಾತಾಡಬೇಕಮ್ಮ," ಎಂದು ಉಪದೇಶವನ್ನೂ ಸೇರಿಸಿದೆ.

ಶಿವಮ್ಮ ಹೋಟೆಲಿಗೆ ಹೋಗಿ ಗಂಡನನ್ನು ಕರೆತಂದರು. ಕೌಂಟರಿನ ಮುಂದೆ ಅವರು ಕೇಳಿದ್ದು ಒಂದೇ ಮಾತು: "ಅಂಗ್ಡಿ ಪೂಜೆಗೆ ನಮ್ ತಮ್ಮನ್ನ ನೀವು ಎಂಗ್ ಕರ್ದ್ರಿ? ಕಂಡಕ್ಟರ್ ಕೈಲಿ ಏಳಿ ಕಳ್ಸುದ್ರಿ. ಅವ್ನು ಬರ್ನಿಲ್ವಾ?"

ಮಹದೇವಪ್ಪ ಫ್ಯಾನು ನೋಡಿದರು, ನನ್ನನ್ನು ನೋಡಿದರು. ಆಮೇಲೆ, "ಪೆನ್ನು ಕೊಡಿ ಸಾ," ಎಂದರು.

ಒಂದು ಮನೆಗೆ ಬಾಗಿಲು ಕೊಡಿಸಿದ ಹೆಮ್ಮೆಯಲ್ಲಿ ಆ ಸಂಜೆ ನಂಜನಗೂಡಿನ ಮನೆಯಲ್ಲಿ ಹೆಂಡತಿ ಗಿರಿಜಳಿಗೆ ಕಥೆಯನ್ನೆಲ್ಲ ಹೇಳಿದೆ. ಚೆಕ್ ನಿಲ್ಲಿಸುವುದು ಎಷ್ಟು ಸುಲಭವೆಂದು ಕಂಪ್ಯೂಟರಿನಲ್ಲಿ ತೋರಿಸಿಯೂ ಕೊಟ್ಟೆ. ಆ ವಾರವೇ, ಅವಳು ಬೇಡವೆಂದರೂ ಕೇಳದೆ, ಹಳೇ ಕಾರೊಂದಕ್ಕೆ ನಾನು ಮುಂಗಡದ ಚೆಕ್ ಕೊಟ್ಟಿದ್ದೆ. ಅವಳು, "ನಮ್ಮ ಖಾತೇನೂ ಇಬ್ಬರ ಹೆಸರಲ್ಲೇ ಇದೆ ಅಲ್ವಾ?" ಎಂದಳು. ಹೌದೆಂದೆ, ಸಂತೋಷವಾಗಿಯೇ.

ಮರುದಿನ ಬೆಳಿಗ್ಗೆ ಪರದೆಯ ಮೇಲೆ ಬಂದ ಮೊದಲ ಕೋರಿಕೆಯ ಖಾತೆ ನಂಬರು ಎಲ್ಲೋ ನೋಡಿದಂತಿತ್ತು. ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಫೋನ್ ಬಂತು.

"ರೀ, ಕಳಿಸಿದ್ದೆ, ಬಂತಾ?"

ಬಂತು ಎಂದೆ. ಒಂದು ಲೋಟ ನೀರು ಕುಡಿದು, ಅರ್ಧ ದಿನ ರಜೆ ಹಾಕಿ, ಅವಳ ಸಹಿ ಕೇಳಲು ನಂಜನಗೂಡಿನ ಬಸ್ಸು ಹತ್ತಿದೆ.