ಅತ್ತೆಯ ಮುಖ ಮಬ್ಬಾದ ಬಗ್ಗೆ ಗಜೇಂದ್ರಗಡದ ಹಳೆಯ ಕ್ಯಾಮರಾ ಅವರಿಗೆ

ರೋಣ, ತಾ. ೨೨ ಆಗಸ್ಟ್ ೧೯೫೭

ಗಜೇಂದ್ರಗಡದ ಪೇಟೆಯಲ್ಲಿ ಟಿಪ್ಪುಸಾಬರ ಫೋಟೋ ಅಂಗಡಿಯನ್ನು ಮೂವತ್ತೆಂಟು ವರ್ಷ ಬೆಳಗಿದ, ಸಾಗವಾನಿ ಮೈಯ, ಹಿತ್ತಾಳೆ ಮೂಗಿನ, ಕರಿಯ ಮುಸುಕಿನ ಶ್ರೀ ಹಳೆಯ ಕ್ಯಾಮರಾ ಅವರ ದಿವ್ಯ ಸನ್ನಿಧಿಗೆ.

ಮೂರು ಕಾಲಿನ ಮಾನ್ಯರೇ,

ಇಲ್ಲಿಯ ಸಾಲಿಯೊಂದರಲ್ಲಿ ಇತಿಹಾಸ ಕಲಿಸುವ, ಧಾರವಾಡದ ಕಾಲೇಜಿನಿಂದ ಬಿ.ಎ. ಎಂಬ ಎರಡಕ್ಷರವನ್ನು ಬಹಳ ಜೋಪಾನವಾಗಿ ಹೊತ್ತು ತಂದ ಪ್ರಾಣೇಶ ಸೂಡಿ ಎಂಬ ನಾನು, ತಮ್ಮ ಮೂರೂ ಕಾಲುಗಳಿಗೆ ಪ್ರತ್ಯೇಕವಾಗಿ ನಮಸ್ಕರಿಸಿ ಬರೆದುಕೊಳ್ಳುವುದೇನೆಂದರೆ, ಇಲ್ಲಿ ನಾನು ಕ್ಷೇಮವಾಗಿಲ್ಲ. ಅದಕ್ಕೆ ಕಾರಣ ತಾವು. ತಾವು ಕ್ಷೇಮವಾಗಿದ್ದೀರಿ ಎಂಬುದನ್ನು ಮಾತ್ರ ನಾನು ಕಣ್ಣಾರೆ ಕಾಣುತ್ತಿದ್ದೇನೆ, ಏಕೆಂದರೆ ಈ ಪತ್ರ ಬರೆಯುವ ಹೊತ್ತಿಗೆ ತಾವು ನಮ್ಮ ಪಡಸಾಲೆಯಲ್ಲಿಯೇ, ನಾನು ದಿನಾ ಕೂಡುತ್ತಿದ್ದ ಜಾಗದಲ್ಲಿ, ಮುಸುಕು ಹೊದ್ದು ನಿಂತಿದ್ದೀರಿ. ಒಂದೇ ಮನೆಯಲ್ಲಿದ್ದು ಪತ್ರವೇಕೆ ಎಂದು ತಾವು ಕೇಳಬಹುದು. ಈ ಮನೆಯಲ್ಲಿ ಬಾಯಿಂದ ಏನನ್ನಾದರೂ ಹೇಳಲು ನನಗೆ ಸರದಿ ಬಂದು ಒಂಬತ್ತು ದಿನವಾಯಿತು, ಅದಕ್ಕೆ.

ನನ್ನ ತಪ್ಪು ಇಷ್ಟೇ: ಒಂದು ಕ್ಯಾಮರಾ ಕೊಳ್ಳಬೇಕೆಂದು ಆಸೆಪಟ್ಟೆ. ಆಸೆ ಒಂದಾದರೆ ಕ್ಯಾಮರಾ ಎರಡು ಬಂದವು. ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಲು ಹೊರಟಿದ್ದ ಟಿಪ್ಪುಸಾಬರು, "ಮಾಸ್ತರ, ನನ್ನ ಹಿರೇಮಗನ್ನ ನಿಮ್ಮ ಕೈಯಾಗ ಕೊಡ್ತೀನ್ರಿ, ಒಂದ ತಿಂಗಳದಾಗ ಹೂಂ ಅನ್ರಿ, ಇಲ್ಲಾ ಊಹೂಂ ಅನ್ರಿ" ಎಂದು ತಮ್ಮನ್ನು ತೋರಿಸಿದರು. ಅದೇ ವಾರ ಹುಬ್ಬಳ್ಳಿಯ ನನ್ನ ಕಾಲೇಜು ಗೆಳೆಯ ರಾಘಣ್ಣ, ಊಟದ ಡಬ್ಬಿಯಷ್ಟೇ ಗಾತ್ರದ, ರೋಲು ಹಾಕಿ ಗುಂಡಿ ಒತ್ತಿದರೆ ಕೆಲಸ ಮುಗಿಸುವ ಹೊಸ ಕ್ಯಾಮರಾ ತಂದು, "ಒಂದ ತಿಂಗಳ ಇಟಗೊಂಡು ನೋಡೋ, ಆಮ್ಯಾಲೆ ಆ ಹಳೇ ತೊಟ್ಟಿಲಾ ಬೇಕು ಅಂದ್ರ ನಿನ್ನ ಬಿ.ಎ. ವಾಪಸ್ ತಗೋಳ್ಳಿಕ್ಕೆ ನಾನ ಅರ್ಜಿ ಹಾಕ್ತೀನಿ" ಎಂದು ಹೋದ. ತೊಟ್ಟಿಲು ಎಂದದ್ದು ತಮ್ಮನ್ನು. ಆ ಮಾತು ಆಗ ನನಗೆ ಸರಿಯೆನಿಸಿತ್ತು ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ತಮ್ಮ ಗುಣಗಳನ್ನು ನಾನು ಅರಿಯದವನಲ್ಲ. ತಮ್ಮ ಬೆನ್ನ ಹಿಂದಿನ ಗಾಜಿನಲ್ಲಿ ಮೂರು ಊರಿನ ದೊಡ್ಡ ಮನುಷ್ಯರನ್ನೆಲ್ಲ ತಲೆಕೆಳಗಾಗಿ ನೋಡಿದ್ದೀರಿ, ನೋಡಿಯೂ ಹೊರಗೆ ಒಂದು ಮಾತು ಆಡಿಲ್ಲ. ಇಂಥ ಸಂಯಮ ನಮ್ಮ ಸಾಲಿಯ ಮಾಸ್ತರರಲ್ಲಿ ಯಾರಿಗೂ ಇಲ್ಲ. ಪದರು ಪದರಾಗಿ ಮಡಚುವ ತಮ್ಮ ತೊಗಲಿನ ಹೊಟ್ಟೆಗೆ ಎಂದೋ ತೂತು ಬಿದ್ದು, ಟಿಪ್ಪುಸಾಬರ ಮನೆಯಾಕೆ ಕಾಶೀಂಬಿ ಹಳೆಯ ಕೊಡೆಯ ಬಟ್ಟೆಯಿಂದ ಅದಕ್ಕೆ ತೇಪೆ ಹಾಕಿದ್ದಾರಷ್ಟೆ. ಆ ತೇಪೆಯ ಪಕ್ಕದಿಂದ ಕಳ್ಳ ಬೆಳಕು ಒಳಗೆ ನುಗ್ಗಿ, ತಾವು ತೆಗೆದ ಪ್ರತಿ ಫೋಟೋದಲ್ಲಿಯೂ ಕೂತವರ ತಲೆಯ ಹಿಂದೆ ಒಂದು ಬಿಳಿಯ ಪ್ರಭಾವಳಿ ಮೂಡುತ್ತದೆ. ಹೀಗಾಗಿ ಗಜೇಂದ್ರಗಡದಲ್ಲಿ ಕಚೇರಿ ಸಿಪಾಯಿಯಿಂದ ಹಿಡಿದು ಗಾಣದ ಮಾಲಕನವರೆಗೆ ಗೋಡೆಯ ಮೇಲಿರುವ ಎಲ್ಲರೂ ಸಂತರು. ತಾವು ಜನರನ್ನು ಬೆಳಕಿಗೆ ತರುವುದಷ್ಟೇ ಅಲ್ಲ, ಬೆಳಕನ್ನೇ ಜನರ ಮೇಲೆ ತರುತ್ತೀರಿ. ಹೊಸ ಕ್ಯಾಮರಾಕ್ಕೆ ತೂತಿಲ್ಲ. ಪಾಪ, ಅದರಲ್ಲಿ ಎಲ್ಲರೂ ತಮ್ಮ ತಮ್ಮ ಯೋಗ್ಯತೆಯಷ್ಟೇ ಕಾಣುತ್ತಾರೆ.

ಆದರೆ ತಾವು ಈ ಸೀಮೆಯ ಜನಕ್ಕೆ ಕಲಿಸಿಟ್ಟ ಒಂದು ರೂಢಿ ನನ್ನ ಕೊರಳಿಗೆ ಬಂತು. ಟಿಪ್ಪುಸಾಬರು ತಮ್ಮ ಮೂಗಿನ ಮುಚ್ಚಳ ತೆಗೆದು, ಒಂದರಿಂದ ಹತ್ತರವರೆಗೆ ಗಟ್ಟಿಯಾಗಿ ಎಣಿಸಿ, ಮುಚ್ಚಳ ಹಾಕಿ, "ಉಸುರ ಬಿಡ್ರಿ" ಎನ್ನುವವರೆಗೆ ಕೂತವರು ಅಲುಗುವಂತಿಲ್ಲ. ಮೂವತ್ತೆಂಟು ವರ್ಷದಿಂದ ರೋಣ, ನರಗುಂದ, ಗಜೇಂದ್ರಗಡದ ಜನ ಫೋಟೋ ಎಂದರೆ ಇದೇ ಎಂದು ನಂಬಿದ್ದಾರೆ. ಬೆಳವಣಿಕಿಯ ಯಮನೂರಪ್ಪ ತನ್ನ ಹೊಸ ಎತ್ತಿನ ಜೋಡಿಯೊಡನೆ ನಿಂತಾಗ ನಾನು ಹೊಸ ಕ್ಯಾಮರಾದ ಗುಂಡಿ ಒತ್ತಿ, ಆಯಿತೆಂದು ತಿಳಿದು, ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿದು ಬಂದರೆ, ಆತ ಮುಖ ಕೆಂಪಗೆ ಮಾಡಿಕೊಂಡು ಇನ್ನೂ ಹಾಗೆಯೇ ನಿಂತಿದ್ದ. ಎತ್ತುಗಳು ಮಾತ್ರ ಬಿ.ಎ. ಕಲಿತವರಂತೆ ಬೇಸತ್ತು ಕೂತುಬಿಟ್ಟಿದ್ದವು. ಮುಗಿದು ಎಷ್ಟೋ ಹೊತ್ತಾಯಿತು ಎಂದು ನಾನು ಹೇಳಿದರೆ, "ಎಣಿಸಿಲ್ಲ, ಉಸುರ ಬಿಡ್ರಿ ಅಂದಿಲ್ಲ, ಹ್ಯಾಂಗ ಮುಗೀತ್ರಿ? ನನಗ ಓದು ಬರಂಗಿಲ್ಲ ಅಂತ ಮೋಸಾ ಮಾಡಬ್ಯಾಡ್ರಿ ಮಾಸ್ತರ" ಎಂದ. ಕೊನೆಗೆ ಖಾಲಿ ಡಬ್ಬಿ ಹಿಡಿದು ಹತ್ತು ಎಣಿಸಿ, ಉಸಿರು ಬಿಡಿಸಿ ಕಳಿಸಿದೆ. ಎತ್ತುಗಳು ಏಳಲಿಲ್ಲ.

ಇನ್ನು ನನ್ನ ಅಸಲು ದೂರಿಗೆ ಬರುತ್ತೇನೆ. ನನ್ನನ್ನು ಸಣ್ಣಂದಿನಿಂದ ಸಾಕಿದ ಸೋದರತ್ತೆ ಭಾಗೀರಥಿಬಾಯಿಗೆ ಎಪ್ಪತ್ತೆರಡು ವರ್ಷ. ಆಕೆಯ ಒಂದೂ ಫೋಟೋ ಇಲ್ಲ. ಆಕೆಯ ತಂಗಿ, ನನ್ನ ಸಣ್ಣತ್ತೆ ಗಂಗಾಬಾಯಿ ಇರುವುದು ನರಗುಂದದ ಆಚೆ ಕೊಣ್ಣೂರಿನಲ್ಲಿ. ಅಕ್ಕತಂಗಿಯರು ಮುಖ ನೋಡಿ ಹನ್ನೊಂದು ವರ್ಷ. ಜಗಳಕ್ಕೆ ಕಾರಣ ಆಸ್ತಿಯಲ್ಲ, ಬಂಗಾರವಲ್ಲ. ತವರಿನಲ್ಲಿ ಇವರ ಬಾಲ್ಯದಲ್ಲಿದ್ದ ಒಂದು ಆಕಳು. ಅದರ ಹೆಸರು ಕಪಿಲಿ ಎಂದು ಅಕ್ಕ, ಗೌರಿ ಎಂದು ತಂಗಿ. ನನ್ನ ಮುಂಜಿವೆಯ ಪಂಗತಿಯಲ್ಲಿ ತುಪ್ಪ ಬಡಿಸುವಾಗ ಎದ್ದ ಈ ಮಾತು, ಪಾಯಸ ಬರುವುದರೊಳಗೆ ಇಬ್ಬರನ್ನೂ ಬೇರೆ ಬೇರೆ ಚಕ್ಕಡಿ ಹತ್ತಿಸಿತ್ತು. (ಮುಂಜಿವೆ ಅಷ್ಟು ತಡವಾಗಿ ಏಕಾಯಿತೆಂದು ದಯವಿಟ್ಟು ಕೇಳಬೇಡಿ, ಅದಕ್ಕೆ ಬೇರೊಂದು ಜಗಳವಿತ್ತು.) ಈ ಬೇಸಿಗೆಯಲ್ಲಿ ಗಂಗತ್ತೆಯಿಂದ ನನಗೊಂದು ಕಾರ್ಡು ಬಂತು: "ನನ್ನ ಕಾಲು ಭಾಳ ನೋಯ್ತಾವ. ಆಕೀನೂ ಬರಾಕಿ ಅಲ್ಲ, ನಾನೂ ಬರಾಕಿ ಅಲ್ಲ. ಆಕಿ ಮಾರಿ ಹ್ಯಾಂಗಿತ್ತು ಅಂತ ಮರೀಲಿಕ್ಕತ್ತದ. ಒಂದು ಫೋಟೋ ಆದ್ರೂ ಕಳಸು. ನಾ ಕೇಳೀನಿ ಅಂತ ಹೇಳಬ್ಯಾಡ." ಆ ಕಾರ್ಡನ್ನು ನಾನು ಮೂರು ಸಲ ಓದಿದೆ. ಮಾನ್ಯರೇ, ನಾನು ಕ್ಯಾಮರಾ ಕೊಳ್ಳಲು ಹೊರಟದ್ದು ಇದಕ್ಕೆ. ಹವ್ಯಾಸ ಎಂದು ಊರಿಗೆ ಹೇಳಿದ್ದು ಸುಳ್ಳು.

ಭಾಗೀರಥತ್ತೆ, "ಒಮ್ಮೆ ಕೂಡ್ತೀನಿ, ಎರಡನೇ ಸಲ ಕೂಡಂಗಿಲ್ಲ" ಎಂದು ಶರತ್ತು ಹಾಕಿ, ಹೊಸ ಕ್ಯಾಮರಾದ ಮುಂದೆ ಕೂತು ಮಾತಾಡತೊಡಗಿದಳು. ಆಕೆ ಬಾಯಿ ಮುಚ್ಚಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ; ನಿದ್ದೆಯಲ್ಲಿಯೂ ಆಕೆ ಯಾರಿಗೋ ಬುದ್ಧಿ ಹೇಳುತ್ತಿರುತ್ತಾಳೆ. ಆದರೆ ಆ ಹೊಸ ಡಬ್ಬಿ ಎಂಥ ಚಾಲಾಕಿ ಎಂದರೆ, ಎರಡು ವಾಕ್ಯಗಳ ನಡುವೆ ಉಸಿರೆಳೆದುಕೊಳ್ಳಲು ಆಕೆ ತುಟಿ ಕೂಡಿಸಿದ ಆ ಒಂದು ಚಿಟಿಕೆ ಹೊತ್ತನ್ನು ಹಿಡಿದುಬಿಟ್ಟಿತು. ಫೋಟೋ ಬಂತು: ಸುಕ್ಕು ಸುಕ್ಕೂ ಸ್ಪಷ್ಟ, ಸೆರಗಿನ ಹೊಲಿಗೆಯೂ ಸ್ಪಷ್ಟ, ಬಾಯಿ ಮುಚ್ಚಿದ ಗಂಭೀರ ಮುದುಕಿ. ನಾನು ಹಿಗ್ಗಿ ಕೊಣ್ಣೂರಿಗೆ ಕಳಿಸಿದೆ. ನಾಲ್ಕನೇ ದಿನಕ್ಕೆ ಉತ್ತರ: "ಪ್ರಾಣ್ಯಾ, ಯಾವ ಮುದುಕಿ ಫೋಟೋ ಕಳಿಸೀಯೋ? ಪಾಪ, ಯಾರೋ ಶಾಂತ ಸ್ವಭಾವದ ಹೆಣ್ಣಮಗಳು ಕಾಣ್ತಾಳ. ಅವರ ಮನಿಯವರು ಹುಡಕ್ತಿರಬೇಕು, ಲಗೂನ ವಾಪಸ್ ಕೊಡು."

ಈ ಕಾರ್ಡನ್ನು ನಾನು ಬಚ್ಚಿಡುವ ಮೊದಲೇ ಭಾಗೀರಥತ್ತೆ ಓದಿಸಿಕೊಂಡಳು. ಆಕೆಗೆ ಸಿಟ್ಟು ಬಂದದ್ದು ತಂಗಿಯ ಮೇಲಲ್ಲ, ನನ್ನ ಮೇಲೆ. "ನೀ ಯಾವಾಗ ತಗದೀ? ಎಣಿಸಲೇ ಇಲ್ಲ! ಅದು ಲೆಕ್ಕಕ್ಕಿಲ್ಲ, ನನ್ನ ಒಂದ ಸಲಾ ಇನ್ನೂ ಬಾಕಿ ಅದ. ಗಜೇಂದ್ರಗಡದ ಸಾಬರನ್ನ ಕರಕೊಂಬಾ, ಹತ್ತು ಎಣಿಸೋ ಕ್ಯಾಮರಾ ತಗೊಂಬಾ" ಎಂದು ಅಪ್ಪಣೆಯಾಯಿತು.

ಹೀಗೆ ತಮ್ಮ ಸವಾರಿ ರೋಣಕ್ಕೆ ಹೊರಟಿತು. ಬಸ್ಸಿನಲ್ಲಿ ತಮ್ಮನ್ನು ಕಂಡ ಕಂಡಕ್ಟರ್ ಸಾಹೇಬರು ಸಾಮಾನೋ ಪ್ರಯಾಣಿಕರೋ ಎಂದು ಬಹಳ ವಿಚಾರ ಮಾಡಿ, "ಕಾಲ ಮೂರ ಅದಾವು, ಮುಕ್ಕಾಲ ಟಿಕೀಟು ತಗೀರಿ" ಎಂದು ತೀರ್ಪು ಕೊಟ್ಟದ್ದು ತಮಗೆ ನೆನಪಿರಬಹುದು. ಸೀಟು ಪೂರ್ತಿ ತಮಗೆ ಸಿಕ್ಕಿತು. ಪೂರ್ತಿ ಟಿಕೀಟಿನ ನಾನು ನಿಂತು ಬಂದೆ.

ಅತ್ತೆ ತಮ್ಮ ಮುಂದೆ ಕೂತ ಆ ಹತ್ತು ಎಣಿಕೆಯ ಚರಿತ್ರೆಯನ್ನು ಇತಿಹಾಸದ ಮಾಸ್ತರನಾಗಿ ನಾನು ದಾಖಲಿಸಲೇಬೇಕು. ಟಿಪ್ಪುಸಾಬರು, "ಅವ್ವಾರ, ಮಾತಾಡಬ್ಯಾಡ್ರಿ, ಹತ್ತ ಎಣಿಸೂತನಕ" ಎಂದರು. "ನಾ ಎಲ್ಲಿ ಮಾತಾಡ್ತೀನಿ?" ಎಂದಳು ಅತ್ತೆ. ಒಂದು, ಎರಡು. "ಇಷ್ಟು ಸಾವಕಾಶ ಎಣಿಸಿದ್ರ ಬೆಳಕು ಹೋಗೂದಿಲ್ಲೇನು?" ಮೂರು, ನಾಲ್ಕು. "ಗಂಗೀ, ನೋಡಿಕೋ ನನ್ನ ಮಾರಿ, ಬಡಕಲಾಗೀನಿ ಅಂದೀ ಅಂದ್ರ..." ಐದು, ಆರು, ಏಳು. "ಕಪಿಲಿ ಅದರ ಹೆಸರು, ಕಪಿಲಿ, ಸಾಯೂತನಕ ಕಪಿಲಿ!" ಎಂಟು, ಒಂಬತ್ತು, ಹತ್ತು. "ಉಸುರ ಬಿಡ್ರಿ" ಎಂದರು ಟಿಪ್ಪುಸಾಬರು, ಅಭ್ಯಾಸಬಲದಿಂದ. ಉಸಿರು ಬಿಟ್ಟವನು ನಾನು.

ತಾವು ತೆಗೆದ ಫೋಟೋವನ್ನು ನೋಡಿ ನನ್ನ ಎದೆ ಒಡೆಯಿತು. ಕುರ್ಚಿ ಸ್ಪಷ್ಟ. ಸೀರೆಯ ನಿರಿಗೆ ಸ್ಪಷ್ಟ. ತೊಡೆಯ ಮೇಲಿನ ಕೈಗಳು ಸ್ಪಷ್ಟ. ತಲೆಯ ಹಿಂದೆ ಪ್ರಭಾವಳಿಯೂ ಯಥಾಪ್ರಕಾರ ಇತ್ತು. ಪ್ರಭಾವಳಿಯ ನಡುವೆ ಮುಖವಿರಬೇಕಾದಲ್ಲಿ ಮಾತ್ರ ಒಂದು ಹಿಡಿ ಮಂಜು. ಮುಖ ಮರೆಯುತ್ತಿದೆ ಎಂದು ಬರೆದವಳಿಗೆ ಮುಖವೇ ಇಲ್ಲದ ಫೋಟೋ! ಕೆಟ್ಟುಹೋಯಿತಲ್ಲ ಎಂದು ನಾನು ಹಲುಬಿದರೆ, ಪೊರೆ ಬಂದ ಕಣ್ಣಿನ ಟಿಪ್ಪುಸಾಬರು ಅದನ್ನು ಮೂಗಿಗೆ ಹಿಡಿದು ನೋಡಿ, "ಕೆಟ್ಟಿಲ್ರಿ ಮಾಸ್ತರ, ಅವ್ವಾರು ಇರೂದ ಹಿಂಗ" ಎಂದರು. ಅತ್ತೆಯೂ ನೋಡಿದಳು. ನೋಡುವಾಗ ಎಂದಿಗಿಂತ ನಾಲ್ಕೈದು ಮಾತು ಕಡಿಮೆ ಅಂದಳು. ಆಮೇಲೆ, "ಇದನ್ನ ಕಳಸು. ಆಕಿಗೆ ಏನು ಕಾಣ್ತದ ನೋಡೂಣು" ಎಂದಳು. ಮನಸ್ಸಿಲ್ಲದ ಮನಸ್ಸಿನಿಂದ ಟಪಾಲಿಗೆ ಹಾಕಿದೆ.

ಈ ಸಲ ಕಾರ್ಡು ಬರಲಿಲ್ಲ. ಒಂಬತ್ತು ದಿನದ ಹಿಂದೆ, ಮಲಪ್ರಭೆ ಏರಿ ಕೊಣ್ಣೂರಿನ ಸೇತುವೆಯ ಮೇಲೆ ನೀರು ಹರಿದು, ಬರಬೇಕಾದ ಬಸ್ಸು ಆಚೆ ದಂಡೆಯಲ್ಲಿಯೇ ನಿಂತಿದ್ದರೂ, ನೋಯುವ ಕಾಲಿನ ಗಂಗತ್ತೆ ನರಗುಂದದವರೆಗೆ ಚಕ್ಕಡಿಯಲ್ಲಿ ಬಂದು, ಅಲ್ಲಿಂದ ಬಸ್ಸು ಹಿಡಿದು, ನಮ್ಮ ಹೊಸ್ತಿಲಲ್ಲಿ ಇಳಿದಳು. ಕೈಯಲ್ಲಿ ಆ ಫೋಟೋ. ಹೊಸ್ತಿಲು ದಾಟುವ ಮೊದಲೇ, "ಫೋಟೋದಾಗ ಕೂತು ಕಪಿಲಿ ಅಂತೀಯೇನ? ನಾ ಕಾರ್ಡು ಬರದು ಉತ್ತರ ಕೊಡಾಕಿ ಅಲ್ಲ, ಎದುರಿಗೆ ಬಂದು ಹೇಳ್ತೀನಿ: ಗೌರಿ!" ಎಂದಳು. ಮಂಜಿನಲ್ಲಿ ಆಕೆ ಅಕ್ಷರ ಓದಿದ್ದಳು, ಮಾನ್ಯರೇ. ಭಾಗೀರಥತ್ತೆ, "ಹುಚ್ಚಿ, ನಾ ಗಂಗೀ ಅಂತಿದ್ದೆ" ಎಂದಳು. ನಾನು ಅಲ್ಲಿಯೇ ಇದ್ದೆ. ಆಕೆ ಎರಡನ್ನೂ ಅಂದಿದ್ದಳು, ಗಂಗೀ ಎಂದದ್ದು ಮೊದಲು. ಸಾಕ್ಷಿ ಹೇಳಲು ಬಾಯಿ ತೆರೆದೆ, ಸರದಿ ಸಿಕ್ಕಲಿಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ಹಿಡಿದುಕೊಂಡು ಕೂತುಬಿಟ್ಟಿದ್ದರು.

ಅಂದಿನಿಂದ ಇಂದಿನವರೆಗೆ ಮಾತು ನಿಂತಿಲ್ಲ. ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆಗಳು: ತಾವು ಟಿಪ್ಪುಸಾಬರ ಕೈಗೆ ಬರುವ ಮೊದಲು ಎಲ್ಲಿದ್ದಿರಿ ಎಂಬುದನ್ನು ನೆನಪಿಸಿಕೊಂಡು, ಅಂದಾಜು ಅರವತ್ತೈದು ವರ್ಷದ ಹಿಂದಿನ ಆ ಆಕಳನ್ನು, ಹೆಸರಿನ ಚೀಟಿ ಕೊರಳಿಗೆ ಕಟ್ಟಿದ ಸ್ಥಿತಿಯಲ್ಲಿ, ಇವತ್ತು ಫೋಟೋ ತೆಗೆದು ಕೊಡಬೇಕು. ಅದು ಆಗದಿದ್ದರೆ, ನನ್ನ ಕೂಡುವ ಜಾಗವನ್ನು ಬಿಟ್ಟು ಒಂದು ಕಾಲನ್ನಾದರೂ ಅತ್ತ ಸರಿಸಬೇಕು. ಅದೂ ಆಗದಿದ್ದರೆ, ತಮ್ಮ ಕರಿಯ ಮುಸುಕಿನೊಳಗೆ ದಿನಕ್ಕೆ ಅರ್ಧ ತಾಸು ನನಗೆ ಆಶ್ರಯ ಕೊಡಬೇಕು. ಮನೆಯಲ್ಲಿ ಅಷ್ಟು ಶಾಂತವಾದ ಜಾಗ ಬೇರೊಂದಿಲ್ಲ.

ಹೊಸ ಕ್ಯಾಮರಾವನ್ನು ಹೋದ ವಾರ ರಾಘಣ್ಣನಿಗೆ ಮರಳಿಸಿದೆ. ಅದರ ಮೇಲೆ ದೂರಿಲ್ಲ. ಅದು ಕಂಡದ್ದನ್ನು ತೆಗೆಯುತ್ತದೆ. ಟಿಪ್ಪುಸಾಬರಿಗೆ ಹೂಂ ಎಂದು ಹೇಳಿ ಕಳಿಸಿದ್ದೇನೆ. ನನ್ನ ಬಿ.ಎ. ವಾಪಸು ಪಡೆಯುವ ಅರ್ಜಿಯ ಕರಡನ್ನು ರಾಘಣ್ಣ ಓದಲು ಕಳಿಸಿದ್ದಾನೆ. ಅದರಲ್ಲಿ ಎರಡು ತಪ್ಪು ತಿದ್ದಿ ಮರಳಿಸಬೇಕಾಗಿದೆ.

ಹತ್ತು ಎಣಿಸುವವರೆಗೂ, ಆಮೇಲೂ,

ತಮ್ಮ ವಿಶ್ವಾಸಿ,
ಪ್ರಾಣೇಶ ಸೂಡಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಇಂದು ಮುಂಜಾನೆ ಟಿಪ್ಪುಸಾಬರು ಬಂದು ನಮ್ಮ ಮೂವರನ್ನೂ ಕೂಡಿಸಿ ತಮ್ಮಿಂದ ತೆಗೆಸಿದ ಫೋಟೋ ತಯಾರಾಗಿ ಕೈಗೆ ಬಂತು. ಎಡಕ್ಕೊಂದು ಮಂಜು, ಬಲಕ್ಕೊಂದು ಮಂಜು. ನಡುವೆ ನಾನೊಬ್ಬ ಮಾತ್ರ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟವಾಗಿ ಬಂದಿದ್ದೇನೆ. ಈ ಮನೆಯಲ್ಲಿ ಬಾಯಿ ಮುಚ್ಚಿಕೊಂಡು ಕೂಡುವವನು ಯಾರು ಎಂಬುದನ್ನು ಮೂರು ಊರಿಗೂ ತೋರಿಸಿಕೊಟ್ಟದ್ದಕ್ಕೆ ಕೃತಜ್ಞತೆಗಳು. ನನ್ನ ತಲೆಯ ಹಿಂದೆ ಪ್ರಭಾವಳಿಯನ್ನೂ ಹಾಕಿದ್ದೀರಿ; ಅದನ್ನು ಮಾತ್ರ ನಾನು ನ್ಯಾಯವಾಗಿ ಗಳಿಸಿದ್ದೇನೆ.