ಕುಂಕುಮ ಇಟ್ಟ ಪಟ್ಟಿ

ಮದುವೆಯಾದ ಹೊಸದರಲ್ಲಿ, ಬೆಂಗಳೂರಿನ ಬಸ್ಸು ಹತ್ತುವಾಗ ಸಿದ್ದಾರೂಢ ಹೆಂಡತಿ ರಾಜಶ್ರೀಗೆ ಮಾತು ಕೊಟ್ಟಿದ್ದ: "ಅರ್ಧಕ್ಕ ನಿಂತ ನಿನ್ನ ಬಿ.ಎ. ನಾ ಪೂರ್ತಿ ಮಾಡಿಸ್ತೀನಿ." ಹನ್ನೊಂದು ವರ್ಷ, ಎರಡು ಬಾಣಂತನ, ನಾಲ್ಕು ಬಾಡಿಗೆ ಮನೆ ದಾಟಿದ ಆ ಮಾತು ಬಿಟಿಎಂ ಲೇಔಟಿನ ಎರಡನೇ ಮಹಡಿಯಲ್ಲಿ ಏದುಸಿರು ಬಿಡುತ್ತಿತ್ತು. ಉಳಿದದ್ದು ಒಂದೇ ಪೇಪರು. ಅದೂ ಇವತ್ತು ಮೂರು ಗಂಟೆಗೆ, ಆನ್‌ಲೈನಿನಲ್ಲಿ. ಮೊಬೈಲಿನಲ್ಲಿ ಬರೆಯುವಂತಿಲ್ಲ, ಕೋಣೆಯಲ್ಲಿ ಇನ್ನೊಬ್ಬರು ಇರುವಂತಿಲ್ಲ, ನಡುವೆ ಹೊರಬಿದ್ದರೆ ಬರೆದದ್ದೆಲ್ಲ ರದ್ದು, ಮತ್ತೆ ಒಳಗೆ ಬಿಡುವುದಿಲ್ಲ. ಇದೇ ಕೊನೆಯ ಅವಕಾಶ ಬೇರೆ.

ಮನೆಯ ಕಂಪ್ಯೂಟರೋ, ಮೂರು ದಿನದಿಂದ ಮಾತುಮಾತಿಗೆ ನೀಲಿ ಪರದೆ ತೋರಿಸಿ ಸೀರಿಯಲ್ಲಿನ ಅತ್ತೆಯ ಹಾಗೆ ಮೂರ್ಛೆ ಹೋಗುತ್ತಿತ್ತು.

ಸಿದ್ದಾರೂಢ ರಜೆ ಹಾಕಿ ಬೆಳಿಗ್ಗೆಯೇ ಅದರ ಹೊಟ್ಟೆ ಬಿಚ್ಚಿದ. ಬಾಗಿಲಲ್ಲಿ ಮನೆ ಓನರ್ ಪರಮಶಿವಯ್ಯ ಹೆಂಡತಿ ಮೀನಾಕ್ಷಮ್ಮನ ಸಮೇತ ಪ್ರತ್ಯಕ್ಷರಾದರು.

"ಅದರ ಫ್ಯಾನಿಗೆ ಎರಡು ತೊಟ್ಟು ಎಣ್ಣೆ ಬಿಡಪ್ಪಾ," ಅಂದರು ಪರಮಶಿವಯ್ಯ.

"ದೃಷ್ಟಿ ಆಗಿದೆ ಕಣ್ರೀ ಅದಕ್ಕೆ. ಮೊದ್ಲು ನಿಂಬೆಹಣ್ಣು ನಿವಾಳಿಸ್ಲಿ," ಅಂದರು ಮೀನಾಕ್ಷಮ್ಮ.

"ಇದು ಮೆಮೊರಿ ಪ್ರಾಬ್ಲಮ್ ರೀ ಅಂಕಲ್. ಈ ಎರಡು ಮೆಮೊರಿ ಪಟ್ಟಿಯೊಳಗ ಒಂದು ಕೆಟ್ಟೈತಿ; ಚಲೋದು ಒಂದಿದ್ರ ಸಾಕು, ನಡೀತೈತಿ. ಒಂದೊಂದೇ ಹಾಕಿ ಟೆಸ್ಟ್ ಮಾಡಬೇಕು. ಒಂದಕ್ಕ ಎರಡು ತಾಸು ಬೇಕು."

"ನನ್ ಮೆಮೊರಿ ಟೆಸ್ಟ್ ಮಾಡೋಕೆ ಇವಳಿಗೆ ಎರಡು ನಿಮಿಷ ಸಾಕು," ಎಂದು ಪರಮಶಿವಯ್ಯ ಕೆಳಗಿಳಿದರು. ಇಳಿದವರು, ಮೊದಲ ಟೆಸ್ಟು ಮುಗಿಯಲು ಹತ್ತು ನಿಮಿಷವಿದ್ದಾಗ, ಮೋಟಾರು ರಿಪೇರಿಗೆಂದು ಮೇನ್ ಆಫ್ ಮಾಡಿದರು. ಸಿದ್ದಾರೂಢ ಮತ್ತೆ ಸೊನ್ನೆಯಿಂದ ಶುರು ಮಾಡಿದ.

ಎರಡೂವರೆಗೆ ತೀರ್ಪು ಬಂತು. ಎರಡು ಪಟ್ಟಿಗಳೂ ಅವಳಿ ಮಕ್ಕಳ ಹಾಗಿದ್ದವು. ಅದಲುಬದಲಾದೀತೆಂದು ದೇವರ ಗೂಡಿನ ಕುಂಕುಮ ತಂದು ಒಂದಕ್ಕೆ ಗುರುತು ಹಾಕಿ, ಎರಡನ್ನೂ ಹಳೇ ನ್ಯೂಸ್‌ಪೇಪರಿನ ಮೇಲಿಟ್ಟ. ಅಷ್ಟರಲ್ಲಿ ಕೆಳಗಿನಿಂದ ಪರಮಶಿವಯ್ಯನವರ ಕೂಗು.

"ಸಿದ್ದಾರೂಢಾ! ಟ್ಯಾಂಕರ್ ಬಂದಿದೆ, ನಿನ್ ಸ್ಕೂಟರ್ ತೆಗಿ!"

ಸ್ಕೂಟರಿನ ಹ್ಯಾಂಡಲ್ ಲಾಕು ಹಠ ಹಿಡಿದಿತ್ತು. ಮೂರಕ್ಕೆ ಐದು ನಿಮಿಷ. ರಸ್ತೆಯಿಂದಲೇ ಕೂಗಿದ: "ರಾಜೀ, ಚಲೋದು ಹಾಕಿ ಶುರು ಮಾಡು!"

"ಹಾಕೀನ್ರೀ!" ಬೆಳಗಿನಿಂದ ನೋಡಿ ನೋಡಿ ಅವಳೂ ಕಲಿತಿದ್ದಳು.

ಅವನು ಮೇಲೆ ಬರುವಷ್ಟರಲ್ಲಿ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗೆ ಕೀಲಿಮಣೆಯ ಟಪಟಪ. ಮೆಟ್ಟಿಲ ಮೇಲೆ ಒಂದೂವರೆ ತಾಸು ಕೂತ. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಟಪಟಪ ನಿಂತಿತು.

"ಏನ್ರೀ..."

ಪರದೆ ನೀಲಿಯಾಗಿತ್ತು. ಉಳಿದಿದ್ದದ್ದು ಕೊನೆಯ ಪ್ರಶ್ನೆ. ಸಿದ್ದಾರೂಢ ನ್ಯೂಸ್‌ಪೇಪರಿನತ್ತ ನೋಡಿದ. ಕುಂಕುಮವಿಲ್ಲದ ಪಟ್ಟಿ ಅಲ್ಲೇ ಬಿದ್ದಿತ್ತು.

"ಕುಂಕುಮದ್ದು ಯಾಕ ಹಾಕ್ದಿ? ಟೆಸ್ಟಿನ್ಯಾಗ ತಪ್ಪು ಬಂದದ್ದಕ್ಕ ಕೆಂಪು ಗುರುತು ಹಾಕಿದ್ದೆ!"

ರಾಜಶ್ರೀ ಅಳಲಿಲ್ಲ. "ಕೆಟ್ಟದ್ದಕ್ಕ ಯಾರರ ಕುಂಕುಮ ಹಚ್ತಾರೇನ್ರೀ?"

"ಅದನ್ನೇ ನಾನೂ ಕೇಳೋದು," ಬಾಗಿಲಲ್ಲಿ ಮೀನಾಕ್ಷಮ್ಮ ಅಂದರು.

"ಎಣ್ಣೆ ಬಿಟ್ಟಿದ್ರೆ ಆಗ್ತಿತ್ತು," ಅಂದರು ಪರಮಶಿವಯ್ಯ.

ಐದಕ್ಕೆ ಪರೀಕ್ಷೆ ಮುಗಿಯಿತು. ಬಿ.ಎ. ಮುಗಿಯಲಿಲ್ಲ.